ಎಡಗೋಡೆಯ ಮೊದಲ ಬೆಂಚು

ಮಂಗಳವಾರ ಸಂಜೆ ಐದೂವರೆಗೆ ಕಟ್ಟಡ ಸಮಿತಿ ಹೊಸ ಚರ್ಚಿನ ನಕ್ಷೆಯನ್ನು ಒಪ್ಪಿಕೊಂಡಿತು. ವಿರೋಧಿಸಿದವರು ಯಾರೂ ಇರಲಿಲ್ಲ.

ಸಭೆ ನಡೆದದ್ದು ಹಳೆಯ ಚರ್ಚಿನ ಪಕ್ಕದ ಕೋಣೆಯಲ್ಲಿ. ಮೇಜಿನ ನಡುವೆ ರಟ್ಟಿನ ಮಾದರಿ ಇತ್ತು. ಮೊಟ್ಟೆಯಾಕಾರದ ಕಟ್ಟಡ, ಎಲ್ಲೂ ಮೂಲೆಯಿಲ್ಲ. ಬಲಿಪೀಠದ ಬಳಿಯಿಂದ ಹೊರಟ ಗೋಡೆ ಒಂದೇ ಬಾಗಿನಲ್ಲಿ ಬಾಗಿಲ ತನಕ ಬರುತ್ತಿತ್ತು. ಸಮಿತಿಯ ಅಧ್ಯಕ್ಷರು ಮಾದರಿಯ ಚಾವಣಿ ಎತ್ತಿ ಒಳಗೆ ಇಣುಕಿದರು. ಅವರನ್ನು ಎದುರಿಗೆ ಎಲ್ಲರೂ ದೊಡ್ಡೋರೇ ಎನ್ನುತ್ತಿದ್ದರು. ಹಿಂದೆ ಏನೂ ಅನ್ನುತ್ತಿರಲಿಲ್ಲ, ಅಷ್ಟು ಭಯ.

"ನಮ್ಮ ಬೆಂಚು ಎಲ್ಲಿ ಬರುತ್ತೆ?"

"ಹಳೇ ಚರ್ಚಲ್ಲಿ ಎಲ್ಲಿದೆಯೋ ಅಲ್ಲೇ. ಎಡಗಡೆ, ಮೊದಲನೇದು, ಗೋಡೆಗೆ ತಾಗಿ," ಎಂದಳು ಆರ್ಕಿಟೆಕ್ಟ್.

"ತಾಗಿ ಅಂದ್ರೆ ತಾಗೇ ಇರ್ಬೇಕು. ನಮ್ಮಪ್ಪ ಆ ಗೋಡೆಗೆ ತಲೆ ಆನಿಸಿಕೊಂಡೇ ಪ್ರಬೋಧನೆ ಕೇಳ್ತಿದ್ದಿದ್ದು."

"ನಿದ್ದೆ ಮಾಡ್ತಿದ್ರು ಅಂತ ನಾನು ಕೇಳಿದೀನಿ," ಎಂದರು ಫಾದರ್.

ಎಲ್ಲರೂ ನಕ್ಕರು. ಆರ್ಕಿಟೆಕ್ಟ್ ಕೂಡ ನಕ್ಕಳು. ಆ ಬೆಂಚನ್ನು ಆಕೆ ಚಿಕ್ಕಂದಿನಿಂದ ಬಲ್ಲಳು. ಅದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಐದು ನಕ್ಷೆಗಳಲ್ಲಿ ಆಕೆಯದನ್ನು ಆರಿಸಿದವರು ಫಾದರ್, ಅವರು ಈ ಚರ್ಚಿಗೆ ಹೊಸಬರು.

ಆಕೆಯ ತಾಯಿ ಒಂದು ಕಾಲದಲ್ಲಿ ಇದೇ ಚರ್ಚಿನ ಗಾಯನವೃಂದದ ನಾಯಕಿ. ಗಂಡ ತೀರಿಕೊಂಡ ಮೇಲೆ ಶಾಲೆಯ ಸಮವಸ್ತ್ರ ಹೊಲಿದು ಮಗಳನ್ನು ಸಾಕುತ್ತಿದ್ದಳು. ಆರ್ಗನ್ ಕೆಟ್ಟಾಗ ರಿಪೇರಿಗೆ ಒಬ್ಬ ಬರುತ್ತಿದ್ದ. ಅವನು ಶ್ರುತಿ ಕೂಡಿಸುವಾಗ ಪಕ್ಕದಲ್ಲಿ ನಿಂತು ಹಾಡುವವರು ಒಬ್ಬರು ಬೇಕು; ಆ ಕೆಲಸ ತಾಯಿಯದು. ಒಂದು ಭಾನುವಾರ ಎಡಗೋಡೆಯ ಮೊದಲ ಬೆಂಚಿನಿಂದ ಅವರಿಬ್ಬರ ಬಗ್ಗೆ ಒಂದು ಪಿಸುಮಾತು ಹೊರಟಿತು. ಬೆಂಚಿನಿಂದ ಬೆಂಚಿಗೆ ದಾಟಿ, ಬಾಗಿಲು ಮುಟ್ಟುವ ಹೊತ್ತಿಗೆ ಅದು ಎಲ್ಲರಿಗೂ ಗೊತ್ತಿರುವ ಸಂಗತಿಯಾಗಿತ್ತು. ಯಾರೂ ತಾಯಿಯನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಉತ್ತರವಾದರೂ ಕೊಡಬಹುದಿತ್ತು. ಆಗಿನ ಪಾದ್ರಿ, "ಸ್ವಲ್ಪ ದಿನ ಸುಧಾರಿಸ್ಕೊಳ್ಳಮ್ಮ" ಎಂದರು. ಗಾಯನವೃಂದದಲ್ಲಿ ಆಕೆಯ ಜಾಗಕ್ಕೆ ದೊಡ್ಡೋರ ತಂಗಿ ಬಂದಳು. ತಾಯಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಒಂದು ವರ್ಷ ಬಾಯಿ ತೆರೆಯದೆ ಕುಳಿತಳು. ಆಮೇಲೆ ಅವರು ಊರಿನ ಇನ್ನೊಂದು ತುದಿಗೆ ಮನೆ ಬದಲಿಸಿದರು. ತಾಯಿ ಮನೆಯಲ್ಲೂ ಮತ್ತೆ ಹಾಡಲಿಲ್ಲ.

ಮಗಳಿಗೆ ಬೇಕಾಗಿದ್ದದ್ದು ಒಂದೇ. ಆ ಬೆಂಚಿನ ಪಿಸುಮಾತು ಒಂದು ಸಲ, ಯಾರ ಬಾಯಿಂದಲೂ ದಾಟದೆ, ಹೊರಟ ಹಾಗೆಯೇ ಕೊನೆಯ ಬೆಂಚಿಗೆ ಮುಟ್ಟಬೇಕು.

ಒಳಬಾಗಿದ ನುಣುಪು ಗೋಡೆಯ ಹತ್ತಿರ ಬಾಯಿಟ್ಟು ಪಿಸುಗುಟ್ಟಿದರೆ ಸದ್ದು ಗೋಡೆಯನ್ನು ತಬ್ಬಿಕೊಂಡೇ ಸಾಗುತ್ತದೆ. ನಡುವೆ ಕುಳಿತವರಿಗೆ ಕೇಳಿಸುವುದಿಲ್ಲ. ಇನ್ನೊಂದು ತುದಿಯಲ್ಲಿ ಗೋಡೆಯ ಬಳಿ ಕುಳಿತವರಿಗೆ ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳಿಸುತ್ತದೆ. ಆಕೆ ಆ ಗೋಡೆಯಲ್ಲಿ ಎರಡಾಳೆತ್ತರದ ತನಕ ಕಿಟಕಿ ಇಡಲಿಲ್ಲ. ಬೆಂಚುಗಳಿಗೂ ಗೋಡೆಗೂ ನಡುವೆ ಓಡಾಡಲು ದಾರಿ ಬಿಟ್ಟಳು. ಗೋಡೆಗೆ ತಾಗಿದ ಬೆಂಚುಗಳು ಎರಡೇ ಉಳಿದವು, ಮೊದಲನೆಯದು ಮತ್ತು ಕೊನೆಯದು.

ಮುಂದಿನ ಸಭೆಗೆ ಆಕೆ ಎರಡು ತುಂಡು ತಂದು ಮೇಜಿನ ಮೇಲಿಟ್ಟಳು. ಒಂದು ಮರದ ಪಟ್ಟಿ ಹೊಡೆದ ಹಲಗೆ, ಇನ್ನೊಂದು ತಿಕ್ಕಿ ಹೊಳಪು ಕೊಟ್ಟ ಗಾರೆ.

"ಎಡಗೋಡೆಗೆ ಇವೆರಡರಲ್ಲಿ ಒಂದು. ಮರ ಸದ್ದು ನುಂಗುತ್ತೆ. ಗಾರೆ ನುಂಗಲ್ಲ, ಸಾಗಿಸುತ್ತೆ. ಹತ್ತಿರ ಕೂತೋರ ಮಾತು ದೂರ ಹೋಗಬಹುದು. ಧ್ವನಿ ಇಂಜಿನಿಯರ್ ಮರಾನೇ ಹಾಕಿ ಅಂತಾರೆ."

ಆಕೆ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ದೊಡ್ಡೋರು ಗಾರೆಯ ತುಂಡನ್ನು ಬೆಳಕಿಗೆ ಹಿಡಿದು ಅದರಲ್ಲಿ ತಮ್ಮ ಮೀಸೆ ನೋಡಿಕೊಂಡರು.

"ಮರ ಹಾಕಿದ್ರೆ ಧೂಳು, ಗೆದ್ದಲು. ಇದು ನೋಡಿ, ಕನ್ನಡಿ ಇದ್ದಂಗಿದೆ. ಮಾತು ಸಾಗಿಸಿದ್ರೆ ಒಳ್ಳೇದೇ ಆಯ್ತಲ್ಲಮ್ಮ! ದೇವರ ವಾಕ್ಯ ಹಿಂದಿನ ಬೆಂಚಿನೋರಿಗೂ ಮುಟ್ಟಲಿ. ಅವರಿಗೇ ಹೆಚ್ಚು ಬೇಕಾಗಿರೋದು."

ಗಾರೆ ಎಂದು ತೀರ್ಮಾನವಾಯಿತು.

ಗೋಡೆ ಎದ್ದು, ಚಾವಣಿ ಹಾಕಿದ ಮೇಲೆ ಆಕೆಯ ನಿದ್ದೆ ಕೆಡಿಸಿದವರು ಫಾದರ್. ಪಾಪನಿವೇದನೆಯ ಪೆಟ್ಟಿಗೆಯನ್ನು ಆಕೆ ನಕ್ಷೆಯಲ್ಲಿ ಬಲಗಡೆ, ಬಾಗಿಲ ಹತ್ತಿರ ಇಟ್ಟಿದ್ದಳು. ಅವರಿಗೆ ಅದು ಎಡಗೋಡೆಯ ಮುಂಭಾಗಕ್ಕೆ ಬರಬೇಕೆನಿಸಿತು.

"ಅಲ್ಲಿ ಬೇಡ ಫಾದರ್," ಎಂದಳು ಆರ್ಕಿಟೆಕ್ಟ್.

"ಯಾಕೆ?"

"ಆಗಲೇ ಹೇಳಿದ್ನಲ್ಲ, ಆ ಗೋಡೆ ಮಾತು ಸಾಗಿಸುತ್ತೆ."

"ಪೆಟ್ಟಿಗೆಗೆ ಬಾಗಿಲಿದೆಯಲ್ಲಮ್ಮ. ಬಾಗಿಲ ಹತ್ತಿರ ಬೀದಿ ಗದ್ದಲ. ಜನ ಕೂಗಿ ಕೂಗಿ ಪಾಪ ಹೇಳಬೇಕಾ?"

ಆಕೆ ನಕ್ಷೆ ಸುರುಳಿ ಸುತ್ತಿದಳು. ಪೆಟ್ಟಿಗೆ ಅಲ್ಲಿಗೇ ಬರುವುದಾದರೆ ಮಾರನೆಯ ದಿನವೇ ಗೋಡೆಗೆ ಮರ ಹೊಡೆಸುವುದೆಂದು ನಿರ್ಧರಿಸಿದಳು. ಕಂಡವರ ಪಾಪ ಊರಿಗೆ ಕೇಳಿಸಲು ಆಕೆ ಗೋಡೆ ಕಟ್ಟಿರಲಿಲ್ಲ. ಒಬ್ಬನ ಮೇಲಿನ ಸೇಡಿಗೆ ಊರನ್ನೇ ಸುಡುವಷ್ಟು ಬುದ್ಧಿ ಕೆಟ್ಟಿರಲಿಲ್ಲ. ಆದರೆ ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಒಂದು ಪೆಟ್ಟಿಗೆಯಿಂದಾಗಿ ಕೈತಪ್ಪುವುದರಲ್ಲಿತ್ತು.

ದೊಡ್ಡೋರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

"ಫಾದರ್, ಪೆಟ್ಟಿಗೆ ಅಲ್ಲಿಟ್ರೆ ನಮ್ಮ ಬೆಂಚು ಗೋಡೆ ಬಿಟ್ಟು ಈಚೆ ಬರಬೇಕಾಗುತ್ತೆ. ಅದು ಮೂರು ತಲೆಮಾರಿನ ಜಾಗ. ನಾನು ಬದುಕಿರೋ ತನಕ ಆ ಬೆಂಚು ಆ ಗೋಡೆ ಬಿಡಲ್ಲ."

"ಬೆಂಚಲ್ವಾ ದೊಡ್ಡೋರೇ, ಬೇರೆ ಕಡೆ..."

"ಬೆಂಚಲ್ಲ, ಮನೆತನ!"

ಪೆಟ್ಟಿಗೆ ಬಲಗಡೆಯೇ ಉಳಿಯಿತು. ಬೀದಿ ಗದ್ದಲಕ್ಕೆ ಅದಕ್ಕೊಂದು ಜೋಡಿ ಬಾಗಿಲು ಮಾಡಿಸಿದರು. ಬೆಂಚಿನ ತುದಿಗೆ ದೊಡ್ಡೋರ ಮನೆತನದ ಹೆಸರಿದ್ದ ಹಿತ್ತಾಳೆ ಫಲಕ ಬಂತು.

ಬೆಂಚುಗಳನ್ನು ಜೋಡಿಸಿದ ಮೇಲೆ ಧ್ವನಿ ಇಂಜಿನಿಯರ್ ಪರೀಕ್ಷೆಗೆ ಬಂದ. ಬಲೂನು ಒಡೆದು ಮಾರ್ದನಿ ಅಳೆದ. ಆಮೇಲೆ ಮೊದಲ ಬೆಂಚಿನಲ್ಲಿ ಕುಳಿತು ಗೋಡೆಯ ಕಡೆ ಮುಖ ತಿರುಗಿಸಿ, "ಹೊಟ್ಟೆ ತಾಳ ಹಾಕ್ತಿದೆ, ಈ ಯಮ್ಮ ಬಿಡೋ ಥರ ಕಾಣಲ್ಲ" ಎಂದು ಗೊಣಗಿದ.

"ಹೋಗಿ ಊಟ ಮಾಡಿ, ಯಾರು ಹಿಡ್ಕೊಂಡಿದಾರೆ?" ಎಂದು ಉತ್ತರ ಬಂತು. ಆರ್ಕಿಟೆಕ್ಟ್ ಕೊನೆಯ ಬೆಂಚಿನಲ್ಲಿದ್ದಳು. ಆಕೆಯೂ ದನಿ ಎತ್ತಿರಲಿಲ್ಲ.

ಅವನು ಗೋಡೆ ಸವರುತ್ತ ನಡೆದುಬಂದ.

"ಮೇಡಂ, ಗೋಡೆಗೆ ಕಿವಿ ಇರುತ್ತೆ ಅಂತಾರೆ. ಇದಕ್ಕೆ ಬಾಯೂ ಇದೆ. ನಾನು ಮೊದಲೇ ಹೇಳಿದ್ದೆ."

"ನಾನೂ ಸಮಿತಿಗೆ ಹೇಳಿದ್ದೆ. ಎಲ್ಲರ ಎದುರಿಗೇ."

ಅವನು ಆಕೆಯ ಮುಖ ನೋಡಿದ. ಪರೀಕ್ಷೆಯ ಸಾಮಾನು ಎತ್ತಿಕೊಂಡು ಊಟಕ್ಕೆ ಹೋದ.

ಉಳಿದದ್ದು ತಾಯಿಯನ್ನು ಒಪ್ಪಿಸುವ ಕೆಲಸ. ಎಪ್ಪತ್ತು ದಾಟಿದರೂ ಆಕೆ ಹೊಲಿಗೆ ಯಂತ್ರ ಬಿಟ್ಟಿರಲಿಲ್ಲ.

"ನಂಗ್ಯಾಕೆ ಆ ಉಸಾಬರಿ? ಕಟ್ಟಿರೋಳು ನೀನು, ಹೋಗಿ ಹಾರ ಹಾಕಿಸ್ಕೋ."

"ಒಂದು ಸಲ ಬಾಮ್ಮ. ಕೊನೇ ಬೆಂಚಲ್ಲಿ ಜಾಗ ಇಟ್ಟಿದೀನಿ. ಎಡಗಡೆ, ಗೋಡೆ ಪಕ್ಕ."

ಯಂತ್ರ ನಿಂತಿತು.

"ಕೊನೇ ಬೆಂಚಾ? ಬೇರೆ ಎಲ್ಲಾದ್ರೂ ಅಂದಿದ್ರೆ ಬರ್ತಿರ್ಲಿಲ್ಲ. ಅದು ನನ್ನದೇ." ಬಾಯಲ್ಲಿದ್ದ ದಾರ ಕಡಿದು ಕೇಳಿದಳು, "ಅವನು ಇರ್ತಾನಾ?"

"ಇರ್ತಾನೆ."

"ಇನ್ನೂ ಅಲ್ಲೇ ಕೂರ್ತಾನಾ?"

"ಅಲ್ಲೇ."

"ಸರಿ, ಆ ನೀಲಿ ಸೀರೆ ಇಸ್ತ್ರಿ ಮಾಡು."

ಉದ್ಘಾಟನೆಯ ಭಾನುವಾರ ಚರ್ಚು ತುಂಬಿತ್ತು. ಕೊನೆಯ ಬೆಂಚಿನ ಗೋಡೆಯ ತುದಿಯಲ್ಲಿ ತಾಯಿ, ಅವಳ ಪಕ್ಕ ಮಗಳು, ಮಗಳ ಪಕ್ಕ ಬೇಕರಿಯವಳು. ಒಲೆ ಆರಿಸಿ ತಡವಾಗಿ ಬರುವ ಬೇಕರಿಯವಳಿಗೆ ಹಳೆಯ ಚರ್ಚಿನಲ್ಲೂ ಕೊನೆಯ ಬೆಂಚೇ ಗತಿ. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಬ್ರೆಡ್ಡಿನ ಜೊತೆ ಮನೆಮನೆಗೆ ಹೋಗುತ್ತಿತ್ತು. ಈ ದಿನ ಅವಳ ಜಾಗ ಹಿಡಿದಿಟ್ಟಿದ್ದವಳು ಆರ್ಕಿಟೆಕ್ಟ್.

ಮೊದಲ ಬೆಂಚಿನಲ್ಲಿ ದೊಡ್ಡೋರ ಹೆಂಡತಿ ಗೋಡೆಯ ಪಕ್ಕ ಕುಳಿತಿದ್ದಳು. ಮದುವೆಯಾದಾಗಿನಿಂದ ಅದು ಅವಳ ಜಾಗ. ಆತ ಅವಳ ಕಿವಿಗೆ ಬಾಗಿದರೆ ಬಾಯಿ ಗೋಡೆಯ ಕಡೆಗೇ ತಿರುಗುತ್ತಿತ್ತು.

ಬಿಷಪ್ ಬಂದರು, ಫಾದರ್ ಎಲ್ಲರಿಗೂ ಧನ್ಯವಾದ ಹೇಳಿದರು, ಪೂಜೆ ಶುರುವಾಯಿತು. ಗೋಡೆಯಿಂದ ಒಂದು ಕೆಮ್ಮು, ಒಂದು ಆಕಳಿಕೆ ಬಿಟ್ಟರೆ ಏನೂ ಬರಲಿಲ್ಲ. ಪರಮಪ್ರಸಾದ ಕೊಟ್ಟು ಮುಗಿದ ಮೇಲೆ ಎಲ್ಲರೂ ಮೌನವಾಗಿ ಕೂರುವ ಹೊತ್ತು ಬಂತು. ಆಗ ಗೋಡೆ ಮಾತಾಡಿತು.

"ಬಂದಿದಾಳೆ ನೋಡಿದ್ಯಾ? ಹಿಂದೆ, ಆರ್ಕಿಟೆಕ್ಟ್ ಪಕ್ಕ. ನಾಚಿಕೆ ಅನ್ನೋದು ಆಗಲೂ ಇರ್ಲಿಲ್ಲ."

"ಯಾರ್ರೀ?"

"ಅದೇ, ಆರ್ಗನ್ ರಿಪೇರಿ."

"ಅಯ್ಯೋ, ಇನ್ನೂ ಬಿಟ್ಟಿಲ್ವಾ ಅವಳನ್ನ? ಅದು ನೀವೇ ಕಟ್ಟಿದ ಕಥೆ."

"ಕಟ್ಟದೇ ಇದ್ದಿದ್ರೆ ನನ್ನ ತಂಗಿಗೆ ಆ ಜಾಗ ಸಿಗ್ತಿತ್ತಾ? ಹೆಹ್. ಒಂದೇ ಒಂದು ಮಾತು ಕಣೇ, ಊರೇ ಹೊತ್ಕೊಂಡು ತಿರುಗ್ತು."

ಬೇಕರಿಯವಳ ಜಪಸರ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವಳು ಬಗ್ಗಿ ಎತ್ತಿಕೊಳ್ಳಲಿಲ್ಲ.

ಮಗಳು ತಾಯಿಯ ಕಡೆ ತಿರುಗಿದಳು. ಇಲ್ಲಿಯ ತನಕ ಆಕೆ ಲೆಕ್ಕ ಹಾಕಿದ್ದಳು, ಇದರಾಚೆಗೆ ಹಾಕಿರಲಿಲ್ಲ. ತಾಯಿ ಅಳುತ್ತಾಳೆ, ಎದ್ದು ಹೋಗುತ್ತಾಳೆ, ಏನಾದರೂ ಆಗಬಹುದಿತ್ತು. ತಾಯಿ ಹೊಳೆಯುವ ಗಾರೆಯನ್ನು ಒಮ್ಮೆ ನೋಡಿದಳು, ಮಗಳನ್ನು ಒಮ್ಮೆ ನೋಡಿದಳು. ಜೀವನವಿಡೀ ಬಟ್ಟೆಯ ಒಳಗು ಹೊರಗು ನೋಡಿದವಳಿಗೆ ಈ ಗೋಡೆಗೆ ಎರಡು ಕಡೆಯಿಂದಲೂ ದಾರಿಯಿದೆ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಗೋಡೆಗೆ ಬಾಗಿ, ಮೆಲ್ಲಗೆ, ಮಾತು ಬಿಡಿಸಿ ಹೇಳಿದಳು:

"ನಿನ್ನ ತಂಗಿಗೆ ಶ್ರುತಿ ಯಾವತ್ತೂ ಸಿಕ್ಲಿಲ್ಲ ಕಣೋ."

ಮುಂದೆ ದೊಡ್ಡೋರ ಹೆಂಡತಿ ಚೇಳು ಕಡಿದವಳಂತೆ ಗೋಡೆಯಿಂದ ಸರಿದಳು. ದೊಡ್ಡೋರು ಗೋಡೆ ನೋಡಿದರು, ಚಾವಣಿ ನೋಡಿದರು, ಬಲಿಪೀಠದ ಮೇಲಿನ ಶಿಲುಬೆ ನೋಡಿದರು.

"ಅಲ್ಲೆಲ್ಲಿ ನೋಡ್ತೀಯಾ? ಅಷ್ಟು ಪುಣ್ಯ ಮಾಡಿಲ್ಲ ನೀನು. ಹಿಂದೆ ತಿರುಗು," ಎಂದಿತು ಗೋಡೆ ಮತ್ತೆ.

ಅವರು ತಿರುಗಿದರು. ಕೊನೆಯ ಬೆಂಚಿನಿಂದ ನೀಲಿ ಸೀರೆಯ ಮುದುಕಿ, ಆರ್ಕಿಟೆಕ್ಟ್, ಬೇಕರಿಯವಳು ಮೂವರೂ ಅವರನ್ನೇ ನೋಡುತ್ತಿದ್ದರು. ಮುದುಕಿಯ ಮೂಗು, ಆರ್ಕಿಟೆಕ್ಟಳ ಮೂಗು ಒಂದೇ ಅಚ್ಚು. ದೊಡ್ಡೋರು ಅದನ್ನು ಕಂಡದ್ದು ಆಗಲೇ ಇರಬೇಕು. ಮತ್ತೆ ಮುಂದಕ್ಕೆ ತಿರುಗಿದ ಅವರ ಕುತ್ತಿಗೆ ಕೆಂಪಾಗಿತ್ತು.

ಮುಕ್ತಾಯದ ಕೀರ್ತನೆಗೆ ಎಲ್ಲರೂ ಎದ್ದರು. ತಾಯಿ ಹಾಡಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಚಪ್ಪಲಿ ಮೆಟ್ಟುತ್ತ ಕೇಳಿದಳು:

"ಬೇಕಂತ್ಲೇ ಮಾಡಿದ್ಯಾ?"

"ಗೋಡೆ ಹಾಗೇ ಬಂತಮ್ಮ."

"ಚರ್ಚಿನ ಮೆಟ್ಟಿಲ ಮೇಲೆ ಸುಳ್ಳು ಹೇಳಬೇಡ."

"ಬೇಕಂತ್ಲೇ."

ತಾಯಿ ಸೆರಗು ಸರಿಮಾಡಿಕೊಂಡಳು. "ಈ ಗೋಡೆ ಮುಚ್ತೀನಿ ಅಂತ ಯಾರಾದ್ರೂ ಬಂದ್ರೆ ನಂಗೆ ಹೇಳು. ಇಲ್ಲೇ ಬಂದು ಗೋಡೆಗೆ ಒರಗಿ ನಿಂತ್ಕೋತೀನಿ."

ಗುರುವಾರ ಎಡಗೋಡೆಗೆ ಮರದ ಪಟ್ಟಿ ಹೊಡೆಸಬೇಕೆಂಬ ಸಲಹೆ ಸಮಿತಿಯ ಮುಂದೆ ಬಂತು. ತಂದವರು ದೊಡ್ಡೋರು. ಫಾದರ್ ಕಾರಣ ಕೇಳಿದರು, ದೊಡ್ಡೋರು ಹೇಳಲಿಲ್ಲ. ಅಷ್ಟು ಹೊತ್ತಿಗೆ ಕಾರಣ ಇಡೀ ಸಮಿತಿಗೆ ಗೊತ್ತಿತ್ತು, ಬೇಕರಿ ಸೋಮವಾರದಿಂದ ತೆರೆದೇ ಇತ್ತು. ಸಲಹೆಯನ್ನು ಅನುಮೋದಿಸುವವರು ಸಿಗದೆ ಅದು ಬಿದ್ದುಹೋಯಿತು.

ಮುಂದಿನ ಭಾನುವಾರ ದೊಡ್ಡೋರ ಮನೆಯವರು ಬಲಗಡೆಯ ನಾಲ್ಕನೇ ಸಾಲಿನಲ್ಲಿ ಕುಳಿತರು. ಹಿತ್ತಾಳೆ ಫಲಕವಿದ್ದ ಬೆಂಚು ಖಾಲಿ ಇತ್ತು. ಕೊನೆಯ ಬೆಂಚಿನಲ್ಲಿ ಆರು ಜನರ ಜಾಗದಲ್ಲಿ ಒಂಬತ್ತು ಜನ ಕುಳಿತಿದ್ದರು.