ನಾಣ್ಯದ ಬಾಯಿಯ ಚೌಕಟ್ಟು

"ನಿನ್ನ ಕಡೆ ಎತ್ತು ಈರಪ್ಪ, ಇಲ್ಲಿ ಹೊಸ್ತಿಲಕ್ಕ ಬಡ್ಯಾಕತ್ತೈತಿ."

ಈರಪ್ಪ ಎತ್ತಿದ. ಪೆಟ್ಟಿಗೆಯ ತಲೆ ಬಾಗಿಲ ಮೇಲ್ಪಟ್ಟಿಗೆ ತಾಗಿತು. ಇಳಿಸಿದರೆ ಬುಡ ಹೊಸ್ತಿಲಿಗೆ ಹೊಡೆಯಿತು. ಓರೆ ಮಾಡಿದರೆ ಎರಡೂ ಕಡೆ ಸಿಕ್ಕಿಕೊಂಡಿತು. ನಾಲ್ಕು ಜನ ಗಂಡಸರು ಅರ್ಧ ತಾಸಿನಿಂದ ಬೆವರು ಸುರಿಸುತ್ತಿದ್ದರು. ಆಳೆತ್ತರದ ಆ ಹಳೆಯ ವಿಡಿಯೋ ಗೇಮಿನ ಪೆಟ್ಟಿಗೆ ಎರಡೇ ಬೆರಳಿನ ಅಂತರಕ್ಕೆ ಹಟ ಹಿಡಿದು ನಿಂತಿತ್ತು. ಒಳಕೋಣೆಯಲ್ಲಿ ಮಲಗಿಸಿದ್ದ ಮಲಕಾಜಪ್ಪನ ಹೆಣವನ್ನು ಪಡಸಾಲೆಗೆ ತಂದು ಗೋಡೆಗೆ ಆನಿಸಿ ಕೂರಿಸಬೇಕಿತ್ತು. ಕೂರಿಸುವ ಜಾಗದಲ್ಲೇ ಇದು.

"ಒಳಗ ಹೆಂಗ ಬಂತು ಹಂಗಾರ?" ಎಂದು ಶಿವಯೋಗೆಪ್ಪ ಸಿಡುಕಿದ. ಅವನು ಸತ್ತವನ ತಮ್ಮ.

"ಬಾಗಲಾ ಆಮ್ಯಾಲ ಹೊಸಾದು ಕೂಡಿಸಿದ್ದು ಕಾಕಾ," ಎಂದಳು ಪೂರ್ಣಿಮಾ. ಮಲಕಾಜಪ್ಪನ ಒಬ್ಬಳೇ ಮಗಳು, ಲೋಕಾಪುರದಿಂದ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದಳು. "ಇನ್ನ ಇದು ಹೊರಗ ಹೋಗಂಗಿಲ್ಲ ಅಂತ ಅಪ್ಪ ಅವಾಗ ನಕ್ಕೋತ ಹೇಳಿದ್ದ."

"ನಗೂದೇನೈತಿ ಇದರಾಗ."

ಕಡೆಗೆ ಪೆಟ್ಟಿಗೆಯನ್ನು ಹಿಂದಕ್ಕೆ ನೂಕಿ ಮೂಲೆಗೆ ಒತ್ತಿದರು. ಅದರ ಪಕ್ಕದಲ್ಲೇ ಮಲಕಾಜಪ್ಪನನ್ನು ಕೂರಿಸಿದರು. ಹಣೆಗೆ ವಿಭೂತಿ, ಕೊರಳಿಗೆ ಹಾರ, ತಲೆಗೆ ಬಿಳಿ ರುಮಾಲು. ಪೆಟ್ಟಿಗೆ ಕಾಣದಿರಲಿ ಎಂದು ಯಾರೋ ಒಂದು ದುಪ್ಪಟಿ ಹೊದಿಸಿದರು. ಮೂಲೆಗಳಿಗೆ ಕೂಡಿಸಿದ್ದ ಹೊಸ ಕ್ರೋಮಿನ ತುಂಡುಗಳು ಎಷ್ಟು ನುಣುಪಾಗಿದ್ದವೆಂದರೆ ದುಪ್ಪಟಿ ನಿಲ್ಲಲಿಲ್ಲ, ಸರ್ರನೆ ಜಾರಿ ಬಿತ್ತು. ಎರಡನೇ ಸಲ ಹೊದಿಸಿದರು. ಮತ್ತೆ ಜಾರಿತು. ಆಮೇಲೆ ಯಾರೂ ಅದರ ತಂಟೆಗೆ ಹೋಗಲಿಲ್ಲ.

ಆ ಕ್ರೋಮ್ ಹಾಕಿದವನು ಮಲಕಾಜಪ್ಪನ ಗೆಳೆಯ ಈರಪ್ಪನೇ. ಜಮಖಂಡಿಯಲ್ಲಿ ಅವನದು ಪಾಲಿಶ್ ಅಂಗಡಿ. ಮೂಲೆಗಳ ಕೆಲಸವನ್ನು ನೋಡಿದರೆ ಅವನಿಗೆ ಹೆಮ್ಮೆ ಅನ್ನಿಸಬೇಕಿತ್ತು. ಆದರೆ ಅವನ ಕಣ್ಣು ಕೆಳಕ್ಕೆ, ಸೊಂಟದೆತ್ತರದಲ್ಲಿ ಬಾಯಿ ತೆರೆದುಕೊಂಡಿದ್ದ ಚೌಕದ ತೂತಿಗೆ ಹೋಗುತ್ತಿತ್ತು. ನಾಣ್ಯ ಹಾಕುವ ಬಾಯಿಗೆ ಅಲ್ಲಿ ಒಂದು ಚೌಕಟ್ಟು ಇರಬೇಕಿತ್ತು. ಎಂಟು ತಿಂಗಳಿಂದ ಇರಲಿಲ್ಲ. ಯಾಕೆ ಇರಲಿಲ್ಲ ಎಂಬುದು ಈರಪ್ಪನಿಗೆ ಗೊತ್ತಿತ್ತು. ಮಲಕಾಜಪ್ಪನಿಗೆ ಹೇಳಿರಲಿಲ್ಲ. ಇವತ್ತು ಹೇಳೋಣವೆಂದರೆ ಅವನಿರಲಿಲ್ಲ.

*

ಮೂವತ್ತು ವರ್ಷದ ಹಿಂದೆ ಮಲಕಾಜಪ್ಪ ಬನಹಟ್ಟಿಯ ಶೆಡ್ಡುಗಳಲ್ಲಿ ಪವರ್‌ಲೂಮ್ ರಿಪೇರಿ ಮಾಡುತ್ತಿದ್ದ. ಬಿಡಿಭಾಗ ತರಲು ಸೊಲ್ಲಾಪುರಕ್ಕೆ ಹೋದವನು, ಮುಚ್ಚುತ್ತಿದ್ದ ಯಾವುದೋ ಅಂಗಡಿಯಿಂದ ಈ ಪೆಟ್ಟಿಗೆಯನ್ನು ಲಾರಿಗೆ ಹೇರಿಕೊಂಡು ಬಂದಿದ್ದ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಖೋಲಿ ಹಿಡಿದ. ಹಗಲೆಲ್ಲ ಹೆಂಡತಿ ಶಿವಗಂಗವ್ವ ಅಲ್ಲಿ ಕೂರುತ್ತಿದ್ದಳು, ಸಂಜೆ ಶೆಡ್ಡಿನಿಂದ ಬಂದು ಅವನು. ಐದಾರು ವರ್ಷ ಚೆನ್ನಾಗಿ ನಡೆಯಿತು. ಟಿವಿಗೇ ಹಚ್ಚಿ ಆಡುವ ಗೇಮುಗಳು ಬಂದ ಮೇಲೆ ಖೋಲಿ ಖಾಲಿಯಾಯಿತು, ಪೆಟ್ಟಿಗೆ ಮನೆಗೆ ಬಂತು. ಇಪ್ಪತ್ತು ವರ್ಷ ಅದರ ಮೇಲೆ ನೂಲಿನ ಚೀಲ, ಹಾಸಿಗೆ, ಪೂರ್ಣಿಮಾಳ ಪಾಟಿಚೀಲ.

ಮೊಣಕಾಲು ಕೈಕೊಟ್ಟು ಶೆಡ್ಡು ಬಿಟ್ಟ ಮೇಲೆ ಮಲಕಾಜಪ್ಪ ಆ ಚೀಲಗಳನ್ನೆಲ್ಲ ಇಳಿಸಿ ಪೆಟ್ಟಿಗೆಯ ಬೆನ್ನು ಬಿಚ್ಚಿದ. ಟಿವಿ ರಿಪೇರಿಯವನೊಬ್ಬನನ್ನು ಕೂಡಿಸಿಕೊಂಡು ಎರಡೇ ತಿಂಗಳಲ್ಲಿ ಚಿತ್ರ ಬರಿಸಿದ. ಸೋತದ್ದು ಹೊರಗಿನ ಹೊಳಪಿಗೆ. ಕ್ರೋಮಿನ ತುಂಡುಗಳೆಲ್ಲ ಸಿಡುಬು ಎದ್ದ ಹಾಗೆ ಚುಕ್ಕಿಚುಕ್ಕಿಯಾಗಿ ತುಕ್ಕು ಹಿಡಿದಿದ್ದವು. ಹುಣಸೆಹಣ್ಣು ಹಾಕಿ ಉಜ್ಜಿದ, ವಿಭೂತಿ ಹಾಕಿ ಉಜ್ಜಿದ, ಸಿಟ್ಟು ಬಂದು ಉಸುಕಿನ ಕಾಗದ ಹಾಕಿ ಉಜ್ಜಿದ. ಇದ್ದಬದ್ದ ಹೊಳಪೂ ಹೋಗಿ ಹಳದಿ ಕಂಡಿತು. ಆಗ ಎಲ್ಲವನ್ನೂ ಕೈಚೀಲಕ್ಕೆ ತುಂಬಿಕೊಂಡು ಜಮಖಂಡಿಗೆ ಬಂದ.

"ಯಾರ ಹೇಳಿದ್ರು ಉಜ್ಜಂತ?" ಎಂದು ಈರಪ್ಪ ಬೈದಿದ್ದ. "ಕ್ರೋಮ್ ಅಂದ್ರ ಉಳ್ಳಾಗಡ್ಡಿ ಸಿಪ್ಪಿಗಿಂತ ತೆಳು. ಹಳೇದು ಪೂರಾ ಇಳಿಸಬೇಕು, ಕುಣಿ ತುಂಬಬೇಕು, ತಾಮ್ರ ಹಾಕಬೇಕು, ಅದರ ಮ್ಯಾಲ ನಿಕಲ್ಲು, ಆಮ್ಯಾಲ ಇದು. ತಿಕ್ಕಿದ್ರ ಬರೂದಲ್ಲ."

"ಅದಕ್ಕ ಬಂದೇನಲ್ಲ."

"ಈಗ ಯಾರ ಆಡ್ತಾರೋ ಇದನ್ನ?"

"ಯಾರೂ ಆಡಂಗಿಲ್ಲ." ಮಲಕಾಜಪ್ಪ ಸ್ವಲ್ಪ ನಾಚಿಕೊಂಡು ಹೇಳಿದ್ದ. "ನಾ ತಂದಾಗ ಕನ್ನಡಿ ಹಂಗಿತ್ತು. ಅಂಗಡಿ ತಗದ ಕೂಡ್ಲೆ ಶಿವಗಂಗವ್ವ ಅದರಾಗ ಮಾರಿ ನೋಡ್ಕೊಂಡ ಕುಂಕುಮ ತೀಡಿಕೋತಿದ್ಲು. ಒಮ್ಮೆ ಹಂಗ ನೋಡಬೇಕಂತ ಅನಸ್ಯೈತಿ, ಅಷ್ಟ."

*

ಹನ್ನೊಂದರ ಹೊತ್ತಿಗೆ ಪಡಸಾಲೆ ತುಂಬಿತು. ಭಜನೆಯವರು ಒಂದು ಹಾಡು ಮುಗಿಸಿ ಚಹಾ ಕುಡಿಯುತ್ತಿದ್ದರು. ಮಣ್ಣು ಮೂರು ಗಂಟೆಗೆ ಎಂದಾಗಿತ್ತು.

ಈರಪ್ಪ ಪೂರ್ಣಿಮಾಳನ್ನು ಬಾಗಿಲ ಹತ್ತಿರ ಹಿಡಿದ. "ಪೂರ್ಣಿ, ನಿಮ್ಮಪ್ಪಗ ನಾ ಒಂದು ಮಾತು ಹೇಳೂದಿತ್ತು. ಆ ಚೌಕಟ್ಟಿಂದು..."

"ತಡೀರಿ ಕಾಕಾ." ಅವಳ ಫೋನು ಬಡಿದುಕೊಳ್ಳುತ್ತಿತ್ತು. "ಹಾಂ, ರಬಕವಿ ದಾಟಿದ್ರೇನು? ನೆಟ್ಟಗ ಬರ್ರಿ, ಬನಹಟ್ಟ್ಯಾಗ ಇಳೀರಿ." ಮಾತಾಡುತ್ತಲೇ ಓಣಿಗೆ ಇಳಿದು ಹೋದಳು.

ಅವನು ಮರಳಿ ಬಂದು ಕೂತ. ಎದುರಿಗೆ ಶಿವಯೋಗೆಪ್ಪ ಯಾರಿಗೋ ಹೇಳುತ್ತಿದ್ದ. "ನಾ ಹುಡುಗಿದ್ದಾಗ ಅಣ್ಣ ಕೆಲಸ ಮಾಡೂ ಶೆಡ್ಡಿನ್ಯಾಗ ಮಗ್ಗಕ್ಕ ನಿಂತಿದ್ದೆ. ಒಂದಿನ ತೂಕಡಿಸಿ ಗಾಲಿ ಮುರ್ದೆ. ಮಾಲಕ ಬಂದು ಯಾಕ ಮುರೀತು ಅಂತ ಕೇಳಿದ. ಅಣ್ಣ ನನ್ನ ಕಡೆ ನೋಡಲಿಲ್ಲ. 'ಹಳೇ ಎರಕ ಐತ್ರಿ, ಒಳಗ ಬಿರುಕಿತ್ತು' ಅಂದ. ಮನಿಗಿ ಬಂದ ಮ್ಯಾಲರ ಬೈತಾನಂತ ಮಾಡಿದ್ದೆ. ಬೈಲಿಲ್ಲ. ಇವತ್ತಿನ ತನಕ ಆ ಮಾತು ತಗೀಲಿಲ್ಲ."

"ದೇವರಂಥಾ ಮನಷ್ಯಾ."

"ದೇವರಂಥಾವ ಖರೆ. ಆದ್ರ ಈ ಡಬ್ಬಿ ಹುಚ್ಚು ಒಂದು ಹಿಡೀತು ನೋಡ್ರಿ." ಶಿವಯೋಗೆಪ್ಪ ಈರಪ್ಪನ ಕಡೆ ತಿರುಗಿದ. "ನೀನೂ ಅಷ್ಟ. ಒಂದು ಸಣ್ಣ ಚೌಕಟ್ಟು, ಎಂಟು ತಿಂಗಳು ಮಾಡಿಬಿಟ್ಟಿ. ಅವನ ಕಣ್ಣ ಮುಂದ ಕೂಡಿಸಿ ಕೊಟ್ಟಿದ್ರ ಏನಾಗ್ತಿತ್ತು?"

ಪಡಸಾಲೆಯ ಮಂದಿಯೆಲ್ಲ ಈರಪ್ಪನನ್ನು ನೋಡಿದರು. ಈಗ ಹೇಳಬಹುದಿತ್ತು. ಬಾಯಿ ತೆರೆದ.

"ಕೆಲಸ ಭಾಳ ಇತ್ತೋ," ಅಂದ. "ಲಗ್ನಸರಾಯಿ, ಭಾಂಡೆ ಬರ್ತಾವು."

ಹೆಣದ ಮುಂದೆ ಕೂತು ಮತ್ತೂ ಒಂದು ಸುಳ್ಳು. ತನ್ನ ಮೇಲೇ ಅಸಹ್ಯ ಬಂದು ಈರಪ್ಪ ಎದ್ದು ಹೊರಗೆ ಹೋದ.

*

ಎಂಟು ತಿಂಗಳ ಹಿಂದೆ ಈರಪ್ಪ ನಾಲ್ಕು ಮೂಲೆ, ಎರಡು ಅಂಚುಪಟ್ಟಿ ಮುಗಿಸಿದ್ದ. ಎಲ್ಲವೂ ಕಬ್ಬಿಣದವು, ಹೇಳಿದ ಮಾತು ಕೇಳಿದ್ದವು. ಚೌಕಟ್ಟೂ ಕಬ್ಬಿಣವೇ ಇರಬೇಕೆಂದುಕೊಂಡ. ಕೈಯಲ್ಲಿ ಹಿಡಿದಾಗ ಒಂದಿಷ್ಟು ಹಗುರ ಅನ್ನಿಸಿದ್ದು ನಿಜ. ಅಂಚಿಗೆ ಒಮ್ಮೆ ಅರ ಎಳೆದು ನೋಡಿದ್ದರೆ ಯಾವ ಲೋಹವೆಂದು ತಿಳಿಯುತ್ತಿತ್ತು. ಮೂವತ್ತೈದು ವರ್ಷ ಅದನ್ನೇ ಮಾಡಿದ್ದ. ಅವತ್ತು ಮಾಡಲಿಲ್ಲ. ಬುಲೆಟ್ಟಿನ ಸೈಲೆನ್ಸರ್ ತಂದವನೊಬ್ಬ ಮಾತಿಗೆ ನಿಂತಿದ್ದ. ಅವನ ಜೊತೆ ಮಾತಾಡುತ್ತಲೇ ಚೌಕಟ್ಟನ್ನು ತಂತಿಗೆ ಸಿಕ್ಕಿಸಿ, ಹಳೆಯ ಲೇಪ ಇಳಿಸುವ ಆಸಿಡ್ಡಿಗೆ ಇಳಿಬಿಟ್ಟು ಚಹಾಕ್ಕೆ ಹೋದ.

ಅದು ಸತುವಿನ ಎರಕ. ಬಂದು ನೋಡಿದರೆ ಡಬ್ಬಿ ಭುಸುಗುಡುತ್ತಿತ್ತು. ಎತ್ತಿದಾಗ ತಂತಿಗೆ ಉಳಿದಿದ್ದು ಇಲಿ ಕಡಿದ ರೊಟ್ಟಿಯಂಥ ಒಂದು ಚೂರು.

ಅದೇ ದಿನ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಬೇರೆ ಮಾಡಿ ಕೊಟ್ಟೇ ಹೇಳೋಣ ಅಂದುಕೊಂಡ. ಹಿತ್ತಾಳೆ ತಗಡು ಕತ್ತರಿಸಿ ಒಂದು ಮಾಡಿದ, ಬೆಸುಗೆಯ ಮೇಲೆ ನಿಕಲ್ ಹಿಡಿಯದೆ ಹೊಪ್ಪಳಿಕೆ ಎದ್ದಿತು. ಎರಡನೆಯದು ಸಣ್ಣದಾಯಿತು. ಮುಧೋಳದ ಎರಕದವನು ಅಚ್ಚಿಗೆ ಮೂಲ ತುಂಡು ತಾ ಅಂದ, ಮೂಲ ತುಂಡು ಎಲ್ಲಿಂದ ತರುವುದು. ವಾರಕ್ಕೊಮ್ಮೆ ಪಾಲಿಶಿನ ಭಾಂಡೆ ಪಾತ್ರೆ ಮುಟ್ಟಿಸಲು ಬನಹಟ್ಟಿಗೆ ಬರುತ್ತಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಫೋನು ಮಾಡುತ್ತಿದ್ದ, "ಬಂದೇನಿ, ಚಹಾ ಇಡಾಕ ಹೇಳು." ಇವನು ಬರುವಷ್ಟರಲ್ಲಿ ಮಲಕಾಜಪ್ಪ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಚಹಾ ಅರ್ಧವಾದ ಮೇಲೆ, ಏನೋ ಈಗಷ್ಟೇ ನೆನಪಾದವನಂತೆ ಕೇಳುತ್ತಿದ್ದ.

"ಅದು ಆತೇನೋ ಈರಪ್ಪ?"

"ಮುಂದಿನ ವಾರ."

"ಆಗಲಿ, ಆಗಲಿ. ಅವಸರಿಲ್ಲ."

ಆ 'ಅವಸರಿಲ್ಲ' ಎಂಬ ಮಾತು ಈರಪ್ಪನ ಮೈ ಉರಿಸುತ್ತಿತ್ತು. ಒಮ್ಮೆಯಾದರೂ ಗದರಿಸಲಿ, ನನ್ನ ಸಾಮಾನು ನನಗೆ ಕೊಡು ಎನ್ನಲಿ. ಹಾಗಾದರೂ ಬಾಯಿ ಬಿಟ್ಟೇನು ಅನ್ನಿಸುತ್ತಿತ್ತು. ಮಲಕಾಜಪ್ಪ ಗದರಿಸಲಿಲ್ಲ, ಈರಪ್ಪ ಬಾಯಿ ಬಿಡಲಿಲ್ಲ.

*

ಮಣ್ಣು ಕೊಟ್ಟು ಬರುವಾಗ ನಾಲ್ಕೂವರೆ. ಬಂದವರು ಬಾಗಿಲಲ್ಲಿ ಕಾಲು ತೊಳೆದುಕೊಂಡು, ಮಲಕಾಜಪ್ಪ ಕೂತಿದ್ದ ಜಾಗದಲ್ಲಿ ಹಚ್ಚಿದ್ದ ದೀಪ ನೋಡಿ ಒಬ್ಬೊಬ್ಬರೇ ಹೊರಟರು. ಶಿವಯೋಗೆಪ್ಪ ಅಯ್ಯನವರನ್ನು ಬಿಡಲು ಹೋದ. ಪೂರ್ಣಿಮಾ ಹಿತ್ತಲಲ್ಲಿ ಸ್ನಾನಕ್ಕೆ ಬಂದವರಿಗೆ ನೀರು ಕಾಯಿಸಿ ಕೊಡುತ್ತಿದ್ದಳು. ಪಡಸಾಲೆಯಲ್ಲಿ ಶಿವಗಂಗವ್ವ ಒಬ್ಬಳೇ ಕಂಬಕ್ಕೆ ಒರಗಿದ್ದಳು.

ಈರಪ್ಪ ದೀಪಕ್ಕೆ ಕೈಮುಗಿದು, ಕೂರದೆ, ನಿಂತೇ ಹೇಳಿದ.

"ವೈನಿ, ಆ ಚೌಕಟ್ಟು ನನ್ನ ಕಡೆ ಇಲ್ಲ. ಆಸಿಡ್ಡಿನ್ಯಾಗ ಕರಗಿ ಹೋತು. ತಪ್ಪು ನಂದ. ಎಂಟು ತಿಂಗಳು ಅವಗ ಸುಳ್ಳು ಹೇಳಿದೆ."

ಶಿವಗಂಗವ್ವ ತಲೆ ಎತ್ತಿದಳು. ಅತ್ತು ಅತ್ತು ಅವಳ ದನಿ ಒಡೆದಿತ್ತು.

"ಗೊತ್ತಿತ್ತರಿ ಅವರಿಗಿ."

"ಏನು?"

"ಪಂಚಮಿ ಮುಂದ ಜಮಖಂಡಿಗಿ ಬಂದಿದ್ರು. ನೀವಿರಲಿಲ್ಲ. ನಿಮ್ಮ ಸಾತವ್ವಕ್ಕ 'ನಿಮ್ಮ ಸಾಮಾನ ಇಲ್ಲೇ ಅದಾವು ನೋಡ್ರಿ' ಅಂತ ಗೊತ್ತಿಲ್ಲದ ತಗದು ತೋರ್ಸ್ಯಾರ. ಉಳಿದ ಚೂರು ನೋಡಿ ಬಂದ್ರು. 'ನಾ ನೋಡೇನಂತ ಈರಪ್ಪಗ ಹೇಳಬ್ಯಾಡವ್ವಾ' ಅಂತ ಅಕ್ಕಗೂ ಹೇಳಿ ಬಂದಿದ್ರು."

ಈರಪ್ಪ ಪೆಟ್ಟಿಗೆಗೆ ಕೈ ಊರಿದ. ಹಾಗಾದರೆ ಹೆಂಡತಿ ಸಾತವ್ವನಿಗೂ ಗೊತ್ತು. ಒಂದೇ ಮನೆಯಲ್ಲಿದ್ದು, ದಿನಾ ರೊಟ್ಟಿ ಬಡಿದು ಹಾಕುತ್ತಾ ಒಂದು ಮಾತು ಆಡಿರಲಿಲ್ಲ.

"ಗೊತ್ತಿದ್ದೂ ವಾರಾ ವಾರಾ ಕೇಳ್ತಿದ್ನಲ್ಲ ವೈನಿ. ಯಾಕ? ನನ್ನ ಆಟಾ ಆಡಿಸಿದ್ನೇನು?"

"ನಾನೂ ಕೇಳಿದೆ. 'ಕೇಳೂದು ಬಿಟ್ರ ನನಗ ಗೊತ್ತಾಗೇತಂತ ಅವಗ ತಿಳೀತೈತಿ, ಆಮ್ಯಾಲ ಈ ಕಡೆ ಬರೂದ ಬಿಡ್ತಾನ' ಅಂದ್ರು."

"ಬೈಬೇಕಿತ್ತು." ಈರಪ್ಪನ ದನಿ ಏರಿತು. "ಕಪಾಳಕ್ಕ ಹೊಡೀಬೇಕಿತ್ತು. ಈ ಓಣಿ ತಿರುವಿಗಿ ಬಂದ ಕೂಡ್ಲೆ ನನಗ ತಿರುಗಿ ಬಸ್ ಹತ್ಲೇನು ಅನಸ್ತಿತ್ತಂತ ಅವಗೇನ ಗೊತ್ತು? ಒಳ್ಳೆಯವನಾಗಿ ತಾ ಹೋದ. ನಾ ಏನ ಮಾಡ್ಲಿ ಈಗ?"

ಹಿತ್ತಲಲ್ಲಿ ತಂಬಿಗೆಯ ಸಪ್ಪಳ ನಿಂತಿತು. ಪೂರ್ಣಿಮಾ ಬಾಗಿಲಿಗೆ ಬಂದು ಇಣುಕಿದಳು. ತಾಯಿ ಕೈಸನ್ನೆ ಮಾಡಿದ ಮೇಲೆ ಒಳಗೆ ಹೋದಳು. ಶಿವಗಂಗವ್ವ ಕಂಬ ಹಿಡಿದು ಎದ್ದಳು. ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸದ್ದು. ಬಂದಾಗ ಕೈಯಲ್ಲಿ ಹಳೆ ಸೀರೆಯ ತುಂಡೊಂದರ ಗಂಟು.

"ಇದನ್ನ ಅವರ ಮಾಡಿದ್ದು. ಪಂಚಮಿ ಆದ ಮ್ಯಾಲ, ತಾವು ಮೊದಲ ದುಡೀತಿದ್ದ ಶೆಡ್ಡಿನ್ಯಾಗ ಕುಂತು. ಆ ತೂತು ಹಲ್ಲ ಬಿದ್ದ ಬಾಯಿ ಹಂಗ ಕಾಣತೈತಿ ಅಂತಿದ್ರು."

ಕಬ್ಬಿಣದ ತಗಡಿನಲ್ಲಿ ಕತ್ತರಿಸಿದ ಚೌಕಟ್ಟು. ಜೊತೆಗೆ ನಾಲ್ಕು ಸ್ಕ್ರೂ.

"ದಿನಾಲೂ ಹಾಕೇ ಇರತಿತ್ತು. ನಿಮ್ಮ ಫೋನು ಬಂತಂದ್ರ ಬಿಚ್ಚಿ ಇಡ್ತಿದ್ರು. ನೀವು ಹೋದ ಮ್ಯಾಲ ಮತ್ತ ಹಾಕ್ತಿದ್ರು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವತ್ತ ಮುಂಜಾನೆ ಶಿವಯೋಗೆಪ್ಪ ಬಂದು, ಈರಪ್ಪಗ ಹೇಳೇನಿ, ಹೊಂಟಾನ ಅಂದ. ಅವರ ಹತ್ರ ಕುಂತಿದ್ದೆ. ಎದ್ದು ಬಂದು ನಾನ ಬಿಚ್ಚಿದೆ. ಯಾಕ ಬಿಚ್ಚಿದ್ನೋ, ಕೈ ತಾನ ಹೋತು."

ಈರಪ್ಪ ಚೌಕಟ್ಟನ್ನು ತೆಗೆದುಕೊಂಡು ಬಾಗಿಲ ಬೆಳಕಿಗೆ ಬಂದ. ಕಸುಬಿನವನ ಕೈ, ತಾನಾಗಿಯೇ ಅಂಚಿನ ಮೇಲೆ ಹೆಬ್ಬೆರಳು ಓಡಿಸಿತು. ಒಂದು ಮೂಲೆ ಸರಿಯಾಗಿ ಕೂಡಿರಲಿಲ್ಲ. ಸುತ್ತಿಗೆಯ ಗುರುತುಗಳು ಹಾಗೇ ಇದ್ದವು. ತಗಡಿಗೆ ಯಾವ ಲೇಪವೂ ಇರಲಿಲ್ಲ. ಮಳೆಗಾಲದ ತೇವಕ್ಕೆ ಅಲ್ಲಲ್ಲಿ ಕೆಂಪು ತುಕ್ಕು ಎದ್ದಿತ್ತು. ನಾಲ್ಕು ಸ್ಕ್ರೂ ತೂತುಗಳ ಸುತ್ತ ಮಾತ್ರ, ಬಿಗಿದು ಬಿಚ್ಚಿ, ಬಿಚ್ಚಿ ಬಿಗಿದು, ಸ್ಕ್ರೂವಿನ ತಲೆ ತಿಕ್ಕಿ ತಿಕ್ಕಿ ತುಕ್ಕೆಲ್ಲ ಹೋಗಿ, ಬೆರಳುಗುರಿನಷ್ಟಗಲದ ನಾಲ್ಕು ಉಂಗುರಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.