ಯಾರೂ ತುಳಿಯದ ರಂಗೋಲಿ

ಗೆರೆಯಮ್ಮ ನಡೆಯುವುದನ್ನು ಮೊದಲ ಸಲ ನೋಡಿದವರಿಗೆ ಅವರ ಕಾಲಿಗೇನೋ ಆಗಿದೆ ಎನಿಸುತ್ತಿತ್ತು. ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಒಂದೊಂದು ಹೆಜ್ಜೆಯನ್ನೂ ಜಾಗ ಹುಡುಕಿ ಊರುವ ಆ ನಡಿಗೆ, ಲೋಕದ ನೆಲವೆಲ್ಲ ಯಾರೋ ಆಗತಾನೇ ಬಿಡಿಸಿಟ್ಟ ರಂಗೋಲಿ, ತಾನದನ್ನು ಕೆಡಿಸಬಾರದು ಎಂಬ ಭಾವದ್ದು. ಪೇಟೆಯ ನೂಕುನುಗ್ಗಲಿನಲ್ಲೂ ಅವರು ಹಾಗೆಯೇ ನಡೆಯುತ್ತಿದ್ದರು.

ಹೊಲಿಗೆಯಂಗಡಿಯಲ್ಲಿ ಬಟ್ಟೆಗೆ ಸೀಮೆಸುಣ್ಣದ ಗುರುತು ಹಾಕಿ ಕತ್ತರಿಸುವುದು ಅವರ ಕಸುಬು. ಗೆರೆಯಮ್ಮ ಎಂಬ ಹೆಸರು ಅಲ್ಲಿಂದ ಬಂತೋ ಮನೆಬಾಗಿಲ ರಂಗೋಲಿಯಿಂದ ಬಂತೋ ನಮ್ಮ ಬೀದಿಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಗಿರಾಕಿಯೊಬ್ಬ ಹೊಲಿಸಿ ಒಯ್ಯದೆ ಬಿಟ್ಟ ಬೂದುಬಣ್ಣದ ಕೋಟನ್ನು ಸೀರೆಯ ಮೇಲೆ ಧರಿಸಿ, ಅದರ ಜೇಬಿನ ತುಂಬ ರಂಗೋಲಿ ಪುಡಿ ಇಟ್ಟುಕೊಂಡು, ಬೆಳಕು ಹರಿಯುವ ಹೊತ್ತಿಗೆ ಹೊಸ್ತಿಲಾಚೆ ಕೂತರೆಂದರೆ, ಬೆರಳ ಸಂದಿಯಿಂದ ಇಳಿಯುವ ಗೆರೆ ಎಲ್ಲಿಯೂ ತಡವರಿಸದೆ, ಚುಕ್ಕಿಗಳನ್ನು ಬಳಸಿ ಬಳಸಿ, ಹೊರಟಲ್ಲಿಗೇ ಬಂದು ಸೇರುತ್ತಿತ್ತು. ಯಾರಾದರೂ ಹೊಗಳಿದರೆ "ಆಯ್ತಲ್ಲ, ಇನ್ನೇನು" ಎಂದು ಕೈ ಕೊಡವಿ ಏಳುವರು. ತೆಗಳಿದರೂ ಅದೇ ಮಾತು.

ಹಿಂದೆ ಆ ಮನೆಯಲ್ಲಿ ಅವರ ಅಕ್ಕನೂ ಇದ್ದರು. ಇಬ್ಬರದೂ ಎಣ್ಣೆ ಸೀಗೇಕಾಯಿ. ಅಂಚೆಕಚೇರಿಯ ಕೆಲಸಕ್ಕೆ ಓಡುವ ಅವಸರದಲ್ಲಿ ಅಕ್ಕ ದಿನವೂ ರಂಗೋಲಿಯ ನಟ್ಟನಡುವೆ ಚಪ್ಪಲಿಗಾಲು ಊರಿಯೇ ಹೋಗುವರು.

"ಕಣ್ಣೇನು ನೆತ್ತಿ ಮೇಲಿದ್ಯಾ ನಿಂಗೆ?" ಎಂದು ತಂಗಿ ಕೂಗುವರು.

"ಬಾಗ್ಲಲ್ಲಿ ಹಾಕಿದ್ರೆ ತುಳೀದೆ ಹಾರ್ಕೊಂಡು ಹೋಗ್ಲೇನೇ?" ಎಂದು ಅಕ್ಕ ಬೀದಿಯ ತಿರುವಿನಿಂದಲೇ ಉತ್ತರ ಕೊಡುವರು.

ನಮಗೆಲ್ಲ ಅದೇ ಗಡಿಯಾರ. ಅಕ್ಕ ತೀರಿಕೊಂಡ ಮೇಲೆ ಬೈಯಲು ಯಾರೂ ಉಳಿಯಲಿಲ್ಲ. ರಂಗೋಲಿ ಮಾತ್ರ ದಿನದಿನಕ್ಕೂ ದೊಡ್ಡದಾಗುತ್ತ, ಸೊಗಸಾಗುತ್ತ ಹೋಯಿತು.

ಆ ಸೊಗಸೇ ಮುಳುವಾಯಿತು. ಉಳಿದ ಮನೆಗಳ ರಂಗೋಲಿ ಹೊತ್ತೇರುವುದರೊಳಗೆ ಹಾಲಿನವನ, ನೆಂಟರ, ಮಕ್ಕಳ ಕಾಲಿಗೆ ಸಿಕ್ಕಿ ಕಲಸಿಹೋದರೆ, ಅವರದು ಸಂಜೆಯವರೆಗೂ ಇಟ್ಟ ಹಾಗೇ ಇರುತ್ತಿತ್ತು. ಹಾಲಿನವನು ಕಾಂಪೌಂಡ್ ಗೋಡೆಯ ಮೇಲೆಯೇ ಹಾಲಿಟ್ಟು ಹೋಗುವನು. ನಮ್ಮ ಮನೆಯವಳು ಸಕ್ಕರೆ ಬೇಕಾದರೂ ಆಚೆಯಿಂದಲೇ ಕೂಗುವಳು. "ಅಷ್ಟು ಚೆನ್ನಾಗಿರೋದನ್ನ ಹೇಗ್ರೀ ತುಳಿಯೋದು? ಮನಸ್ಸೇ ಬರಲ್ಲ" ಎನ್ನುವಳು. ಇದನ್ನು ನಾವೆಲ್ಲ ಗೌರವವೆಂದೇ ತಿಳಿದಿದ್ದೆವು.

ಒಂದು ಮಧ್ಯಾಹ್ನ, ಬಿಸಿಲಿಗೆ ಬೀದಿ ನಿರ್ಜನವಾಗಿದ್ದಾಗ, ಎದುರುಮನೆಯ ನನ್ನ ಕಿಟಕಿಯಿಂದ ನೋಡಿದೆ. ಗೆರೆಯಮ್ಮ ಅಕ್ಕನ ಹಳೆಯ ಚಪ್ಪಲಿಗಳನ್ನು ಎರಡೂ ಕೈಗೆ ತೊಟ್ಟು, ರಂಗೋಲಿಯ ಮೇಲೆ ಒಂದರ ಮುಂದೊಂದು ಒತ್ತುತ್ತಿದ್ದರು. ಹೆಜ್ಜೆಗಳು ಬೀದಿಯಿಂದ ಹೊಸ್ತಿಲಿಗೆ ಹೋದವು. ಹೊರಗೆ ಬರುವ ಹೆಜ್ಜೆ ಒಂದನ್ನೂ ಅವರು ಒತ್ತಲಿಲ್ಲ.

ಸಂಜೆ ನಮ್ಮ ಮನೆಯವಳು "ಯಾರೋ ಬಂದಿದ್ರು ಅನ್ಸುತ್ತೆ?" ಎಂದು ವಿಚಾರಿಸಿದಳು.

"ಬರ್ತಾರೆ, ಹೋಗ್ತಾರೆ. ಮನೆ ಅಂದ್ಮೇಲೆ ಇದ್ದದ್ದೇ" ಎಂದರು ಗೆರೆಯಮ್ಮ.

ಕೆಲವು ವಾರಗಳ ಮೇಲೆ ವಿದ್ಯುತ್ ಮೀಟರ್ ನೋಡಲು ಹೊಸಬನೊಬ್ಬ ಬಂದ. ತಲೆಯೆತ್ತಿ ಮನೆಯ ನಂಬರು ಹುಡುಕುತ್ತ ಬಂದವನು, ಸೀದಾ ರಂಗೋಲಿಯ ನಟ್ಟನಡುವೆ ಬೂಟುಗಾಲು ಊರಿಬಿಟ್ಟ. ನೋಡುತ್ತಿದ್ದ ನಾವೆಲ್ಲ ಹೌಹಾರಿದೆವು. ಅವನ ಮುಖ ಬಿಳಿಚಿಕೊಂಡಿತು. "ನೋಡ್ಲಿಲ್ಲಮ್ಮಾ, ತಪ್ಪಾಯ್ತು" ಎಂದು ತೊದಲಿದ.

ಗೆರೆಯಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತು, ಎಷ್ಟೋ ಕಾಲದಿಂದ ಕಟ್ಟಿಟ್ಟಿದ್ದ ದನಿಯನ್ನು ಬಿಚ್ಚಿದರು: "ಕಣ್ಣೇನು ನೆತ್ತಿ ಮೇಲಿದ್ಯಾ ನಿಂಗೆ?" ಬೀದಿಯ ತಿರುವಿನವರೆಗೂ ಕೇಳಿಸಿತು. ಬೈಯುತ್ತ ಬೈಯುತ್ತಲೇ ಬಾಗಿಲಿನ ಎರಡೂ ಕದ ತೆರೆದು, "ತುಳಿದಿದ್ದು ತುಳಿದೆ, ಒಳಗಾದ್ರೂ ಬಾ. ನೀರು ಕುಡ್ಕೊಂಡು ಹೋಗು" ಎಂದರು. ಅವರ ಕಣ್ಣು ತುಂಬಿತ್ತು.

ಮರುದಿನ ಬೆಳಿಗ್ಗೆ ಅಂಗಳ ಗುಡಿಸುವಾಗ ಒಂದು ಬೂಟಿನ ಗುರುತನ್ನು ಮಾತ್ರ ಉಳಿಸಿ, ಅದರ ಸುತ್ತ ಚುಕ್ಕಿಯಿಟ್ಟರು. ಗೆರೆ ಅದನ್ನು ಬಳಸಿಕೊಂಡು ಹೋಗಿ ಹೊರಟಲ್ಲಿಗೆ ಬಂದು ಸೇರಿತು. ಅಂದು ನಮ್ಮ ಮನೆಯವಳು ಸಕ್ಕರೆ ಬಟ್ಟಲು ಹಿಡಿದು, ರಂಗೋಲಿಯನ್ನು ತುಳಿದುಕೊಂಡೇ ಒಳಗೆ ಹೋದಳು.

ಇಂಥವರು ಎಲ್ಲ ಬೀದಿಗಳಲ್ಲೂ ಇರುತ್ತಾರೆ. ಅವರ ಕೈಗೆಲಸದ ಅಚ್ಚುಕಟ್ಟು ಕಂಡು ನಾವು ದೂರದಿಂದಲೇ ಮೆಚ್ಚಿ, ಪಕ್ಕಕ್ಕೆ ಸರಿದು, ದೊಡ್ಡ ಮರ್ಯಾದೆ ಕೊಟ್ಟೆವೆಂದು ಬೀಗುತ್ತ ನಡೆದುಬಿಡುತ್ತೇವೆ. ಬಾಗಿಲಲ್ಲಿ ರಂಗೋಲಿ ಇಡುವವರು, ಯಾರಾದರೂ ಒಳಗೆ ಬರಲಿ ಎಂದೇ ಇಡುತ್ತಾರೆ.