ಬಸಿದ ನೀರು

ಕಿಟಕಿಯ ಕಟ್ಟೆಯ ಮೇಲೆ ಬಳೆಯಂಥ ಕೆಂಪು ಗುರುತು, ಗ್ಲಾಸು ಬೋರಲು ಹಾಕಿದಲ್ಲಿ, ಎಷ್ಟು ತಿಕ್ಕಿದರೂ ಹೋಗದು, ಹೋಗದಿದ್ದರೆ ಇರಲಿ – ವಿದ್ಯಾವತಿ ಪೈಪು ಹಿಡಿದು ಹಿತ್ತಲಿಗೆ ಬಂದುಬಿಟ್ಟಿದ್ದಾಳೆ, ಯಾಕೆ ಬಂದಳೋ, ಆಸ್ಪತ್ರೆಯಿಂದ ಬಂದದ್ದು ಜಳಕ ಮಾಡಿ ಗಂಡನ ಎರಡು ಲುಂಗಿ, ಒಂದು ಟವೆಲ್ಲು ಒಯ್ಯಲು, ಅಲ್ಲಿ ಐಸಿಯು ಬಾಗಿಲ ಮುಂದೆ ನಾದಿನಿ ತಾಯವ್ವ ಕೂತಿದ್ದಾಳೆ, ಮೈದುನನ ಮಗ ಸಿದ್ದಲಿಂಗೇಶ ಒಂದು ತಾಸು ಬಿಟ್ಟು ಗಾಡಿ ತರುತ್ತಾನೆ, ಆದರೆ ಎರಡು ದಿನ ನೀರು ಕಾಣದ ಬೀಟ್‌ರೂಟ್ ಎಲೆಗಳು ಮಣ್ಣಿಗೆ ಜೋತುಬಿದ್ದದ್ದು ಕಂಡಿತು, ಕಾಲು ಈ ಕಡೆ ತಿರುಗಿತು, ಕಾಲಿಗೇನು ತಿಳಿಯುತ್ತದೆ. ಸೊಲ್ಲಾಪುರದ ರೈಲು ಹೋಯಿತು, ಹಳಿ ಪಕ್ಕದ ಇಬ್ರಾಹಿಂಪುರ ಓಣಿಯ ಗೋಡೆಗಳೆಲ್ಲ ಒಮ್ಮೆ ನಡುಗಿ ಸುಮ್ಮನಾದವು, ನೀರು ಕುಡಿದ ಎಲೆಗಳು ಇನ್ನೇನು ತಲೆ ಎತ್ತುತ್ತವೆ, ನಾಚಿಕೆಗೆಟ್ಟವು, ಅಲ್ಲಿ ಒಬ್ಬ ಮನುಷ್ಯ ತಲೆ ಎತ್ತಲಾರದೆ ಮಲಗಿದ್ದಾನೆ. ಬೆಳಗ್ಗೆ ಡಾಕ್ಟರು ಕನ್ನಡಕ ತೆಗೆದು ಕೇಳಿದರಲ್ಲ, ಅಮ್ಮಾ, ಪೊಟ್ಯಾಸಿಯಂ ಇಷ್ಟ ಏರಬೇಕಂದ್ರ ಮನ್ಯಾಗ ಏನೋ ಕೊಟ್ಟೀರಿ, ಹೃದಯ ನಿಲ್ಲೂ ಹಂಗ ಆಗೇತಿ, ಖರೇ ಹೇಳ್ರಿ, ಬಾಳೆಹಣ್ಣು? ಇಲ್ರೀ ಸಾಹೇಬ್ರ. ಎಳನೀರು? ಶಿವನಾಣಿ ಇಲ್ರೀ. ಪಾಲಕ, ಬಟಾಟಿ, ಬೀಟ್‌ರೂಟ್ – ತಲೆ ತಾನೇ ಅಡ್ಡ ಅಲ್ಲಾಡಿತು, ಇಲ್ಲ, ಇಲ್ಲ. ಸುಳ್ಳಿಗೆ ನಾಲಿಗೆಯೂ ಬೇಡ ಅಂತಾಯಿತು.

ಬಾಳೆಹಣ್ಣು ಕೊಟ್ಟಿರಲಿಲ್ಲ, ಅದು ನಿಜ, ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಮೇಡಂ ಕೊಟ್ಟ ಹಾಳೆಯಲ್ಲಿ ಬಾಳೆಹಣ್ಣಿನ ಚಿತ್ರ ಇತ್ತು, ಎಳನೀರಿನದಿತ್ತು, ಮೇಲೆ ಕೆಂಪು ಗೀಟು, ಬೀಟ್‌ರೂಟಿನ ಚಿತ್ರ ಇರಲಿಲ್ಲ, ಕೆಳಗೆ ಇಂಗ್ಲಿಷಿನಲ್ಲಿ ಏನೇನಿತ್ತೋ, ಮಡಚಿ ದೇವರ ಜಗಲಿಯ ಮೇಲೆ ಇಟ್ಟಳು, ದೇವರಿಗಾದರೂ ಇಂಗ್ಲಿಷು ಬರುತ್ತಿತ್ತೋ ಏನೋ. ಕಿಡ್ನಿ ಹೋದ ಮೇಲೆ ವಾರಕ್ಕೆರಡು ಡಯಾಲಿಸಿಸ್, ರಕ್ತ ಆರಕ್ಕಿಳಿದಿದೆ ಅಂದರು, ಆರು ಅಂದರೆ ಎಷ್ಟು, ಹನ್ನೆರಡು ಇರಬೇಕಾದಲ್ಲಿ ಆರು, ಅರ್ಧ ಮನುಷ್ಯ. ನೋಡಲು ಬಂದವರೆಲ್ಲ ಬಾಗಿಲಲ್ಲೇ ವೈದ್ಯರು – ಬೀಟ್‌ರೂಟ್ ಕುಡಸ್ರಿ, ಕೆಂಪಂದು ಹೊಟ್ಟಿಗೆ ಹೋದ್ರ ಮೈಯಾಗ ಕೆಂಪ ಆಗತೈತಿ, ಎಂಥ ಸರಳ ಲೆಕ್ಕ, ಮಕ್ಕಳಿಗೂ ತಿಳಿಯುವಂಥದ್ದು. ಪೇಟೆಯದು ಗಟಾರದ ನೀರಿನಲ್ಲಿ ಬೆಳೆದದ್ದು ಅಂತ ತಾನೇ ಬಿತ್ತಿದಳು, ಬೀಜ ಅವನ ಅಂಗಡಿಯದ್ದೇ, ಟಿಕೋಟಾದಲ್ಲಿ ಇಪ್ಪತ್ತೆರಡು ವರ್ಷ ಗೊಬ್ಬರ ಮಾರಿದ ಶಿವಯೋಗೆಪ್ಪನ ಹೆಂಡತಿ ಬೀಜಕ್ಕೆ ಬೇರೆಲ್ಲಿ ಹೋಗಬೇಕು. ಘೋಣಸಗಿಯ ರೈತ ಮರೆಪ್ಪ ಅಂಗಡಿಗೆ ಬಂದು, ಈ ಗೊಬ್ಬರ ಹಾಕಿದ್ರ ಏನ ಬೆಳೀತೈತ್ರಿ ಸಾವಕಾರ್ರ ಅಂದರೆ, ನನ್ನ ಅಂಗಡಿ ಬೆಳೀತೈತಿ ತಮ್ಮಾ ಅಂದು ನಗುತ್ತಿದ್ದವನು ಹಿತ್ತಲಿನ ಕುರ್ಚಿಯಲ್ಲಿ ಕೂತು ಹೇಳಿದ, ಒಂದೊಂದ ಬೀಜಕ್ಕ ಮೂರ ನಾಕ ಸಸಿ ಬರತಾವ, ಒಂದ ಬಿಟ್ಟು ಉಳದಾವು ಕಿತ್ತ ಒಗಿ, ಇಲ್ಲಂದ್ರ ಯಾವಕ್ಕೂ ಹೊಟ್ಟಿ ತುಂಬಂಗಿಲ್ಲ. ಕಿತ್ತಳು, ಒಗೆಯಲಿಲ್ಲ, ಕಿತ್ತದ್ದನ್ನು ತನಗೆ ಪಲ್ಯ ಮಾಡಿಕೊಂಡಳು, ಒಗೆಯುವ ಕೈ ಅಲ್ಲ ಇದು, ಅತ್ತೆ ಗೌರಾಬಾಯಿ ತಿದ್ದಿದ ಕೈ, ಬ್ಯಾಳಿ ಬಸಿದ ನೀರ ಚೆಲ್ಲಾಕಿ ಮನಿ ನಡಸಂಗಿಲ್ಲ ಬೇ ಅನ್ನುತ್ತಿದ್ದ ಮುದುಕಿ, ಸತ್ತು ಒಂಬತ್ತು ವರ್ಷವಾದರೂ ಒಲೆಯ ಮುಂದೆ ಇನ್ನೂ ನಿಂತೇ ಇದ್ದಾಳೆ.

ಅಲ್ಲೇ, ಅಲ್ಲೇ ತಪ್ಪಿದ್ದು. ಮೇಡಂ ಬಿಡಿಸಿ ಬಿಡಿಸಿ ಹೇಳಿದ್ದರು, ಕಾಯಿಪಲ್ಲೆ ಹೆಚ್ಚಿ ಎರಡ ತಾಸ ನೀರಾಗ ನೆನಿ ಇಡ್ರಿ, ಕುದಿಸಿ ಬಸೀರಿ, ಬ್ಯಾಡಾದದ್ದೆಲ್ಲಾ ಆ ನೀರಾಗ ಹೋಗತೈತಿ, ಅದನ್ನ ಚೆಲ್ರಿ. ಚೆಲ್ಲಿ ಅಂದರು, ಎಲ್ಲಿ ಅಂತ ಹೇಳಲಿಲ್ಲ. ಬಟಾಟೆಯ ನೀರು, ಚವಳಿಕಾಯಿಯ ನೀರು, ಪಾಲಕದ ಹಸಿರು ನೀರು, ಎಲ್ಲ ಬಕೀಟಿನಲ್ಲಿ ಆರಿಸಿ ಬೀಟ್‌ರೂಟಿನ ಬುಡಕ್ಕೆ ಸುರಿದಳು, ಮೂರು ತಿಂಗಳು, ಒಂದು ದಿನ ತಪ್ಪಿಸದೆ, ಮೇಲೆ ಬಚ್ಚಲ ಒಲೆಯ ಬೂದಿ, ಗಂಡನ ಊಟದಿಂದ ತೆಗೆದದ್ದನ್ನು ಗಡ್ಡೆಗೆ ಉಣಿಸಿ, ಆ ಗಡ್ಡೆಯನ್ನು ಹಿಂಡಿ ಗಂಡನಿಗೆ ಕುಡಿಸಿ, ಕುದಿಸಿದರೆ ಕೆಂಪು ಹೋದೀತೆಂದು ಹಸಿಯದನ್ನೇ, ದಿನಕ್ಕೆ ಅರ್ಧ ಗ್ಲಾಸು – ಒಂದು ಹನಿ ವಿಷವೂ ಮನೆಯಿಂದ ಹೊರಗೆ ಹೋಗದಂತೆ ಸಂಸಾರ ಮಾಡಿದಳು, ಅತ್ತೆ ನೋಡಿದ್ದರೆ ಮೆಚ್ಚುತ್ತಿದ್ದಳು. ಗಡ್ಡೆಗಳೋ, ಮಣ್ಣಿನ ಮೇಲೆ ಹೆಗಲು ತೋರಿಸಿ ಪೈಲ್ವಾನರ ಹಾಗೆ ನಿಂತವು, ಪಕ್ಕದ ಮನೆಯ ಪೀರಾಂಬಿ ಗೋಡೆಯ ಮೇಲಿಂದ ಇಣುಕಿ, ಯಾ ಅಲ್ಲಾ, ಏನ್ ಹಾಕತಿ ವಿದ್ಯಾ ಅಕ್ಕಾ ಇವಕ್ಕ, ನಮ್ಮ ಆಡಿಗೂ ಒಂದೀಟ ಹಾಕು, ಎಮ್ಮಿ ಆಗಲಿ! ಕುರ್ಚಿಯಲ್ಲಿದ್ದ ಅವನೂ ನಕ್ಕ, ಕೆಮ್ಮು ಬರುವಷ್ಟು ನಕ್ಕ. ಮುಂದಿನ ತಿಂಗಳು ರಕ್ತ ಆರರಿಂದ ಏಳಕ್ಕೆ ಬಂತು, ಗುಡಿಯಲ್ಲಿ ಪೇಢೆ ಹಂಚಿದಳು, ರಕ್ತ ಏರಲೆಂದು ನರ್ಸು ವಾರವಾರ ಚುಚ್ಚುತ್ತಿದ್ದ ಸೂಜಿಗೆ ಯಾರೂ ಪೇಢೆ ಕೊಡಲಿಲ್ಲ.

ಹೇಳಬೇಕು, ಈಗಲೇ ಹೋಗಿ ಡಾಕ್ಟರಿಗೆ ಹೇಳಬೇಕು, ಹೌದ್ರೀ, ನಾನ ಕುಡಿಸೀನಿ, ಬದುಕಿ ಬಂದರೆ ಇನ್ನೊಮ್ಮೆ ಹೀಗಾಗಬಾರದಲ್ಲ, ತಾಯವ್ವ ಅಲ್ಲೇ ಎದೆ ಬಡಿದುಕೊಂಡು, ನಮ್ಮಣ್ಣನ್ನ ನೀನ ತಿಂದಿ ಬೇ ಅನ್ನುತ್ತಾಳೆ, ಅನ್ನಲಿ, ನನಗೆ ಗೊತ್ತಿರಲಿಲ್ಲ, ನನಗೆ ಗೊತ್ತಿರಲಿಲ್ಲ – ಆದರೆ ಅವನಿಗೆ? ಮೇಡಂ ಹಾಳೆ ಕೊಟ್ಟ ದಿನ ಅವನೂ ಪಕ್ಕದ ಕುರ್ಚಿಯಲ್ಲಿದ್ದನಲ್ಲ, ಇಂಗ್ಲಿಷು ಪೂರಾ ಓದಿ, ಪೊಟ್ಯಾಸಿಯಂ ಅಂದ್ರ ನಮ್ಮ ಪೊಟ್ಯಾಶ್ ಅಲ್ರಿ, ಇಪ್ಪತ್ತೆರಡ ವರ್ಷ ಚೀಲಗಟ್ಲೆ ಮಾರೀನ್ರಿ ಮೇಡಂ, ಈಗ ನಾನ ತಿನ್ನಂಗಿಲ್ಲಂದ್ರ ಹ್ಯಾಂಗ್ರಿ ಅಂದನಲ್ಲ, ಎಲ್ಲರೂ ನಕ್ಕರು, ತಾನೂ ನಕ್ಕಳು. ಬೂದಿ ಹಾಕು ಅಂದವರು ಯಾರು? ಅವನೇ. ಅದಾಗಿ ತಿಂಗಳಿಗೆ, ಇದೇ ಕುರ್ಚಿಯಿಂದ, ಬೂದ್ಯಾಗ ಪೊಟ್ಯಾಶ್ ಇರತೈತಿ ಬೇ, ಗಡ್ಡಿ ಉಬ್ಬತಾವ. ಬಸಿದ ನೀರು ಸುರಿಯುವುದನ್ನು ದಿನಾ ಕೂತು ನೋಡಿದ, ಒಂದು ದಿನ ಬೇಡ ಅನ್ನಲಿಲ್ಲ, ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಕೈಯನ್ನು ಸವರಿಕೊಳ್ಳುತ್ತ, ನೀ ಬಲೇ ಜಾಣಿ ಬೇ ಅಂದ, ಅದನ್ನು ಹೊಗಳಿಕೆ ಅಂತ ತಿಳಿದು ಆ ದಿನ ಇನ್ನೊಂದು ಬಕೀಟು ಸುರಿದಳು. ದೊಡ್ಡವ್ವಾ – ಹೊರಗೆ ಸಿದ್ದಲಿಂಗೇಶನ ಗಾಡಿ, ಹಾರ್ನು, ಲಗೂನ ಬರ್ರಿ ದೊಡ್ಡವ್ವಾ, ಡಾಕ್ಟರ್ ಕರ್ಯಾಕತ್ತಾರ – ಬಂದೆ, ಬರುತ್ತೇನೆ, ಏನಂತ ಹೇಳಲಿ, ಕುಡಿಸಿದೆ ಅನ್ನಲೋ, ಕುಡಿದ ಅನ್ನಲೋ, ನೀರು ಪಾತಿ ತುಂಬಿ ಕಾಲ ಮೇಲೆ ಹರಿಯುತ್ತಿದೆ, ಪ್ರತಿದಿನ ಒಂದೇ ಗುಟುಕಿಗೆ ಕುಡಿದು ತುಟಿ ಒರೆಸಿಕೊಂಡು ಕೇಳುತ್ತಿದ್ದ, ಇನ್ನ ಎಷ್ಟ ಅದಾವ? ಎರಡ ಸಾಲ ಅದಾವ್ರಿ. ಸಾಕ್ ಬಿಡು, ಅಷ್ಟ ಸಾಕು, ಅನ್ನುತ್ತಿದ್ದ, ಆಮೇಲೆ ಗ್ಲಾಸನ್ನು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದ, ಸಪ್ಪಳವಾಗದಂತೆ, ದಿನಾ ಅದೇ ಜಾಗದಲ್ಲಿ, ಕೆಂಪು ಬಳೆ, ಅದರ ಮೇಲೆ ಕೆಂಪು ಬಳೆ, ತಿಕ್ಕಿದರೂ ಹೋಗದ ಕೆಂಪು ಬಳೆ